ಪಾಸ್‌ಪೋರ್ಟಪ್ಪನ ಹದ್ದು

ಎಲ್ಲದಕ್ಕೂ ಮೂಲ ಒಂದು ಮೀನಿನ ತಲೆ. ಹೆಂಡತಿ ಬೆಳಿಗ್ಗೆ ಅದನ್ನು ತೊಳೆದು, ತಾರಸಿಯ ಕಟ್ಟೆಯ ಮೇಲಿಟ್ಟು, ಚಾಕು ತರಲು ತಿರುಗಿದ್ದಳು. ಅಷ್ಟರಲ್ಲಿ ಹದ್ದೊಂದು ಬಂದು ಅದನ್ನು ಎತ್ತಿಕೊಂಡು ಹೋಯಿತು. ಅವಳು ಶಾಪ ಹಾಕುತ್ತ ಕೆಳಗಿಳಿದು ಬಂದಳು. ಗಂಡನಿಗೆ ಮೀನಿನ ಚಿಂತೆ ಇರಲಿಲ್ಲ.

"ಎಷ್ಟು ಹತ್ತಿರ ಬಂತು ಕಣೇ?"

"ಕೈ ಚಾಚಿದ್ರೆ ಸಿಗೋಷ್ಟು. ನನ್ನ ಮುಖ ನೋಡ್ಕೊಂಡೇ ಎತ್ಕೊಂಡು ಹೋಯ್ತು ರೀ, ಮಾನ ಮರ್ಯಾದೆ ಇಲ್ದೆ."

ಅಷ್ಟು ಕೇಳಿದ್ದೇ ತಡ, ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ.

ಅವರ ಮನೆಯಿದ್ದ ಕಟ್ಟಡದ ಕೆಳಗಿನ ಅಂಗಡಿಯಲ್ಲಿ ಅವನದೊಂದು ಫೋಟೊ ಸ್ಟುಡಿಯೊ ಇತ್ತು. ಬೀದಿಯವರು ಅವನನ್ನು ಕರೆಯುತ್ತಿದ್ದದ್ದೇ ಪಾಸ್‌ಪೋರ್ಟಪ್ಪ ಎಂದು. ನೀಲಿ ಪರದೆಯ ಮುಂದಿನ ಸ್ಟೂಲಿನಲ್ಲಿ ಕೂರಿಸಿ, "ಗಲ್ಲ ಸ್ವಲ್ಪ ಕೆಳಗೆ" ಎನ್ನುತ್ತ ಊರಿನ ಅರ್ಧದಷ್ಟು ಮುಖಗಳನ್ನು ಅವನೇ ತೆಗೆದಿದ್ದ. ಆ ಮುಖಗಳೆಲ್ಲ ಅರ್ಜಿಗಳಿಗೆ ಅಂಟಿಕೊಂಡು ಕಪಾಟು ಸೇರಿದ್ದವು. ಅವನು ತೆಗೆದ ಒಂದೇ ಒಂದು ಫೋಟೊವನ್ನೂ ಯಾರೂ ಗೋಡೆಗೆ ಹಾಕಿರಲಿಲ್ಲ. ಈ ಸಂಕಟವನ್ನು ಅವನು ಯಾರ ಮುಂದೂ ಹೇಳಿಕೊಳ್ಳುತ್ತಿರಲಿಲ್ಲ, ಆದರೆ ರಾತ್ರಿ ಮಗ್ಗುಲು ಬದಲಿಸುವಾಗೆಲ್ಲ ಅದು ಚುಚ್ಚುತ್ತಿತ್ತು. ಈಗ ಊರಿನ ವಸ್ತುಸಂಗ್ರಹಾಲಯದವರು ಹೊಸ ಹಜಾರದ ಗೋಡೆಗೆ ಬೇಟೆಹಕ್ಕಿಯ ಆಳೆತ್ತರದ ಚಿತ್ರವೊಂದು ಬೇಕೆಂದು ಸ್ಪರ್ಧೆ ಏರ್ಪಡಿಸಿದ್ದರು. ಫೋಟೊ ಕಳಿಸಲು ಅಂದು ಮಧ್ಯಾಹ್ನ ಮೂರಕ್ಕೆ ಗಡುವು, ಸಂಜೆಗೆ ತೀರ್ಮಾನ.

ತೊಡಕು ಇದ್ದದ್ದು ಲೆನ್ಸಿನಲ್ಲಿ. ಹಕ್ಕಿಗಳ ಬೆನ್ನು ಹತ್ತುವವರ ಬಳಿ ಒನಕೆಯಂಥ ಉದ್ದನೆಯ ಲೆನ್ಸ್ ಇರುತ್ತದೆ. ಇವನ ಬಳಿ ಇದ್ದದ್ದು ಶಾಲೆಯ ಗುಂಪು ಫೋಟೊಗೆಂದು ತಂದಿಟ್ಟುಕೊಂಡ ವೈಡ್ ಲೆನ್ಸ್. ಅದರೊಳಗೆ ಇಡೀ ತರಗತಿಯೇ ಹಿಡಿಸುತ್ತದೆ, ಆದರೆ ಹತ್ತು ಹೆಜ್ಜೆ ಆಚೆಯ ಹದ್ದು ನೊಣದಷ್ಟಾಗಿ ಹೋಗುತ್ತದೆ. ಹದ್ದು ಹದ್ದಿನ ಹಾಗೆ ಕಾಣಬೇಕಾದರೆ ಅದರ ಕೊಕ್ಕಿಗೂ ಇವನ ಮೂಗಿಗೂ ನಡುವೆ ಒಂದು ಮೊಳಕ್ಕಿಂತ ಹೆಚ್ಚು ಅಂತರ ಇರಕೂಡದು.

ಅಂಗಡಿಗೆ ಬೀಗ ಹಾಕಿ, ಅಡುಗೆಮನೆಯಲ್ಲಿ ಉಳಿದಿದ್ದ ಮೀನನ್ನೆಲ್ಲ ಹೆಂಡತಿಯ ಕಣ್ಣು ತಪ್ಪಿಸಿ ಎತ್ತಿಕೊಂಡು ಅವನು ತಾರಸಿ ಹತ್ತಿದ. ಒಂದು ತುಂಡನ್ನು ಕಟ್ಟೆಯ ಮೇಲಿಟ್ಟು, ನೀಲಿ ಪ್ಲಾಸ್ಟಿಕ್ ಹಾಳೆ ಹೊದ್ದು, ಕ್ಯಾಮೆರಾದ ಮೂತಿಯನ್ನಷ್ಟೇ ಹೊರಗೆ ಬಿಟ್ಟು ಬೋರಲು ಮಲಗಿದ. ಬಿಸಿಲು ಏರುತ್ತಿತ್ತು. ಹದ್ದು ಮೇಲೆ ಸುತ್ತುತ್ತಿತ್ತು, ಇಳಿಯುತ್ತಿರಲಿಲ್ಲ. ಅವನು ಗಡಿಯಾರ ನೋಡುವುದು, ಆಕಾಶ ನೋಡುವುದು, ಮತ್ತೆ ಗಡಿಯಾರ ನೋಡುವುದು.

ಅಂತೂ ಹದ್ದು ಕೆಳಗಿಳಿಯತೊಡಗಿತು. ಅವನು ಉಸಿರು ಬಿಗಿಹಿಡಿದ. ಅದೇ ಹೊತ್ತಿಗೆ ಬೆನ್ನಿಗೊಂದು ಕೋಲು ತಿವಿಯಿತು.

"ಯಾರಪ್ಪಾ ಅದು? ಬದುಕಿದ್ದೀಯೋ, ಇಲ್ವೋ?"

ಬಟ್ಟೆ ಒಣಹಾಕಲು ಬಂದಿದ್ದ ನಿವೃತ್ತ ಟೀಚರಮ್ಮ. ಅವನು ಹಾಳೆ ಸರಿಸಿ ತಲೆ ಹೊರಹಾಕುವಷ್ಟರಲ್ಲಿ ಹದ್ದೂ ಇರಲಿಲ್ಲ, ಮೀನೂ ಇರಲಿಲ್ಲ.

"ನೀನಾ? ಹೀಗ್ಯಾಕೆ ಬಿದ್ಕೊಂಡಿದ್ದೀಯ? ಮನೇಲಿ ಜಗಳನಾ?"

"ಜಗಳ ಇಲ್ಲಮ್ಮ. ಹದ್ದಿನ ಫೋಟೊ ತೆಗೀತಿದ್ದೀನಿ. ದಮ್ಮಯ್ಯ, ಸ್ವಲ್ಪ ಆ ಕಡೆ ಹೋಗಿ."

ಹೋಗು ಎಂದರೆ ಹೋಗುವ ಪೈಕಿ ಅಲ್ಲ ಆಕೆ. ಬಕೆಟ್ ಬೋರಲು ಹಾಕಿಕೊಂಡು ಅಲ್ಲೇ ಕೂತರು. ಮೀನಿನ ವಾಸನೆಯ ಜಾಡು ಹಿಡಿದು ಕಟ್ಟಡದ ಸಂಘದ ಕಾರ್ಯದರ್ಶಿ ಬಂದರು. "ತಾರಸಿ ಮೇಲೆ ಮೀನು ಇಡೋ ಹಾಗಿಲ್ಲ. ಹೋದ ಸಭೇಲೇ ತೀರ್ಮಾನ ಆಗಿದೆ" ಎಂದು ಗದರಿದರು. ಗದ್ದಲ ಕೇಳಿ ಪಕ್ಕದ ಔಷಧಿ ಅಂಗಡಿಯವನೂ ಕದ ಎಳೆದುಕೊಂಡು ಓಡಿಬಂದ.

"ಹದ್ದು ಕುಕ್ಕಿದ್ರೆ ಇಂಜೆಕ್ಷನ್ ತಗೋಬೇಕಣ್ಣ. ಈಗಲೇ ತಗೊಂಡುಬಿಟ್ರೆ ಆಮೇಲೆ ನಿಶ್ಚಿಂತೆ. ತಂದಿದ್ದೀನಿ, ತೋಳು ಕೊಡಿ."

"ತೋಳು ಕೊಟ್ರೆ ಕ್ಯಾಮೆರಾ ಯಾರು ಹಿಡೀತಾರಪ್ಪ?"

ಎರಡನೆಯ ತುಂಡನ್ನು ಕಾಗೆ ಹೊಡೆಯಿತು. ಮೂರನೆಯದನ್ನು ಕಾರ್ಯದರ್ಶಿಯವರು ಕಾಲಿನಿಂದ ಬೀದಿಗೆ ತಳ್ಳಿದರು. ಉಳಿದದ್ದು ಒಂದು. ಗಂಟೆ ಆಗಲೇ ಎರಡು ಹೊಡೆದಿತ್ತು. ಪಾಸ್‌ಪೋರ್ಟಪ್ಪನಿಗೆ ಅಳು ಬರುವಂತಾಯಿತು. ಅವನು ಹಾಳೆಯನ್ನು ಅತ್ತ ಎಸೆದು, ಕೊನೆಯ ತುಂಡನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಲ್ಲಿ ಕ್ಯಾಮೆರಾ ಹಿಡಿದು, ಕಟ್ಟೆಯ ಪಕ್ಕ ಎದೆಗೊಟ್ಟು ನಿಂತ. ಹಿಂದೆ ಮೂವರೂ ನಿಯಮದ ಬಗ್ಗೆ ಜಗಳ ಕಾಯುತ್ತಿದ್ದರು.

ಹದ್ದು ಎಲ್ಲಿಂದ ಬಂತೋ ತಿಳಿಯಲಿಲ್ಲ. ಕಿವಿಯ ಪಕ್ಕದಲ್ಲಿ ಗಾಳಿ ಬೀಸಿದಂತಾಯಿತು, ಕೈ ಹಗುರವಾಯಿತು. ಮುಂದಿನ ಕ್ಷಣ ಅದು ಅವರೆಲ್ಲರ ನಡುವೆ, ನೀರಿನ ಟ್ಯಾಂಕಿನ ಅಂಚಿನಲ್ಲಿ, ಉಗುರಿನಡಿ ಮೀನು ಅದುಮಿ, ರೆಕ್ಕೆ ಬಿಚ್ಚಿ ಕೂತಿತ್ತು. ಅವನು ತಿರುಗಿ ನುಗ್ಗಿ ಅದರ ಮುಖಕ್ಕೇ ಲೆನ್ಸ್ ಹಿಡಿದ. ಹಳದಿ ಕಣ್ಣು ಅವನನ್ನೇ ನೋಡಿತು. ಬಾಯಿತಪ್ಪಿ ಅವನು "ಗಲ್ಲ ಸ್ವಲ್ಪ ಕೆಳಗೆ" ಎಂದ. ಹದ್ದು ಕೊಕ್ಕು ತಗ್ಗಿಸಿತು. ಅವನು ಬಟನ್ ಒತ್ತಿದ.

ಸ್ಟುಡಿಯೊದ ಕಂಪ್ಯೂಟರಿನಲ್ಲಿ ಚಿತ್ರ ತೆರೆದಾಗ ಅವನು ಮೂಗು ತೆರೆಗೆ ತಾಗುವಷ್ಟು ಬಾಗಿದ. ಅಷ್ಟು ಚೆನ್ನಾಗಿ ಬಂದಿತ್ತು. ಆ ತುದಿಯಿಂದ ಈ ತುದಿಗೆ ರೆಕ್ಕೆ ಹರಡಿದ ಹದ್ದು. ರೆಕ್ಕೆಯ ಕೆಳಗೆ ಇಡೀ ತಾರಸಿ, ಒಣಹಾಕಿದ ಬಟ್ಟೆಗಳು, ಬಾಯಿ ತೆರೆದ ಟೀಚರಮ್ಮ, ಮೆಟ್ಟಿಲಿನತ್ತ ಓಡುತ್ತಿರುವ ಕಾರ್ಯದರ್ಶಿ, ತಲೆ ಮೇಲೆ ಕೈ ಹೊತ್ತು ಕುಕ್ಕರುಗಾಲಲ್ಲಿ ಕೂತ ಔಷಧಿ ಅಂಗಡಿಯವನು.

ಮೂವರೂ ಬೆನ್ನ ಹಿಂದೆಯೇ ನಿಂತಿದ್ದರು.

"ಹಲ್ಲಿನ ಸೆಟ್ ಹಾಕಿರಲಿಲ್ಲಪ್ಪ ನಾನು," ಎಂದರು ಟೀಚರಮ್ಮ. "ನನ್ನ ಹಳೇ ವಿದ್ಯಾರ್ಥಿಗಳು ನೋಡಿದ್ರೆ ಏನಂದ್ಕೋತಾರೆ? ನನ್ನನ್ನ ತೆಗೆದುಬಿಡು."

"ನಾನು ಓಡ್ತಿದ್ದೀನಿ," ಎಂದರು ಕಾರ್ಯದರ್ಶಿ. "ಬರೋ ವಾರ ಸಂಘದ ಚುನಾವಣೆ. ಅಂಗಡಿ ಈ ಕಟ್ಟಡದಲ್ಲೇ ಇರಬೇಕು ಅಂತ ಆಸೆ ಇದ್ರೆ ಅಳಿಸಿ."

"ಅಂಗಡಿ ಬಿಟ್ಟು ಬಂದಿದ್ದು ನಮ್ಮ ಮಾಲೀಕರಿಗೆ ಗೊತ್ತಾದ್ರೆ ನನ್ನ ಕತೆ ಮುಗೀತಣ್ಣ," ಎಂದ ಮೂರನೆಯವನು.

ಗಿರಾಕಿ ಅಳಿಸಲು ಹೇಳಿದ ಮಚ್ಚೆಯನ್ನು ತೆಗೆಯದೆ ಕಳಿಸಿದವನಲ್ಲ ಪಾಸ್‌ಪೋರ್ಟಪ್ಪ. ಗಂಟೆ ಎರಡೂವರೆ ದಾಟಿತ್ತು, ವಾದಕ್ಕೆ ಪುರುಸೊತ್ತಿರಲಿಲ್ಲ. ಮೂವರನ್ನೂ ಅಳಿಸಿದ. ಅವರಿದ್ದ ಜಾಗ ಹರಿದ ಅಂಗಿಯಂತೆ ಕಂಡಿತು. ಬಟ್ಟೆ ಅಳಿಸಿದ, ಟ್ಯಾಂಕು ಅಳಿಸಿದ, ಕೊನೆಗೆ ಹಿಂದೆ ಪೂರಾ ತಿಳಿನೀಲಿ ಬಳಿದ. ರೆಕ್ಕೆಗಳೆರಡೂ ಒಂದೇ ಸಮ ಇರಲಿಲ್ಲ, ಸರಿಮಾಡಿದ. ಕೆದರಿದ ಗರಿಗಳನ್ನು ಕೂರಿಸಿ, ಕೊಕ್ಕಿನ ಗೀರು ಮಾಯಿಸಿ, ಕಣ್ಣಿಗೆ ಒಂದು ಚುಕ್ಕಿ ಹೊಳಪು ಕೊಟ್ಟ. ಕೈ ತನ್ನಷ್ಟಕ್ಕೆ ತಾನೇ ಓಡುತ್ತಿತ್ತು. ಮೂರು ಹೊಡೆಯುವುದಕ್ಕೆ ಒಂದು ನಿಮಿಷ ಇದ್ದಾಗ ಕಳಿಸಿ, ದಿನನಿತ್ಯದ ರೂಢಿಯಂತೆ ಮುಂದಿನ ಗಿರಾಕಿಗೆಂದು ಕ್ಯಾಮೆರಾದ ಕಾರ್ಡ್ ಖಾಲಿ ಮಾಡಿ, ಮೂಲ ಚಿತ್ರವನ್ನೂ ಒರೆಸಿಹಾಕಿ ಉಸಿರುಬಿಟ್ಟ.

ಆಮೇಲಿನ ಹೊತ್ತು ಸರಿಯಲೇ ಇಲ್ಲ. ಅವನು ಬಾಗಿಲಿಗೆ ಬರುವುದು, ಒಳಹೋಗುವುದು, ಫೋನ್ ಕೈಗೆತ್ತಿಕೊಳ್ಳುವುದು.

"ಮೀನು ತಿಂದಿದ್ದು ಹದ್ದು, ಒದ್ದಾಡ್ತಿರೋದು ನೀವು," ಎಂದಳು ಹೆಂಡತಿ.

ಸಂಜೆ ಅಂಗಡಿಯ ಮುಂದೆ ಸರ್ಕಾರಿ ಜೀಪೊಂದು ನಿಂತಿತು. ಇಬ್ಬರು ಇಳಿದರು, ಒಬ್ಬರ ಕೈಯಲ್ಲಿ ಅವನ ಹದ್ದಿನ ಚಿತ್ರ. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿಹೋಗಿ ಕುರ್ಚಿ ಒರೆಸಿದ.

"ವಸ್ತುಸಂಗ್ರಹಾಲಯದಿಂದ ಬಂದ್ರಾ ಸಾರ್?"

"ಅವರು ಕಳಿಸಿದ್ರು. ನಾವು ವನ್ಯಜೀವಿ ಇಲಾಖೆಯವರು. ಈ ಹದ್ದು ನಿಮ್ಮದೇ ತಾನೆ?"

"ನಂದೇ ಸಾರ್," ಎಂದ ಅವನು ಹೆಮ್ಮೆಯಿಂದ.

"ಎಲ್ಲಿ ಇಟ್ಟಿದ್ದೀರಿ?"

"ಇಡೋದು ಅಂದ್ರೆ?"

"ಮೂವರು ತೀರ್ಪುಗಾರರೂ ಒಂದೇ ಮಾತು ಹೇಳಿದ್ದಾರೆ. ಬದುಕಿರೋ ಹದ್ದು ಇಷ್ಟು ಹತ್ತಿರ, ಇಷ್ಟು ಅಚ್ಚುಕಟ್ಟಾಗಿ ಕೂರಲ್ಲ. ಕೊಂದು, ಹೊಟ್ಟೆಗೆ ಹತ್ತಿ ತುಂಬಿ, ಸ್ಟುಡಿಯೊ ಪರದೆ ಮುಂದೆ ನಿಲ್ಲಿಸಿ ತೆಗೆದಿದ್ದಾರೆ ಅಂತ. ಅದನ್ನ ಒಪ್ಪಿಸಿಬಿಡಿ."

ಪಾಸ್‌ಪೋರ್ಟಪ್ಪನಿಗೆ ನೆಲವೇ ಬಾಯಿಬಿಟ್ಟಂತಾಯಿತು. "ಜೀವಂತ ಹದ್ದು ಸಾರ್. ತಾರಸಿ ಮೇಲೆ ತೆಗೆದಿದ್ದು. ಸಾಕ್ಷಿ ಇದ್ದಾರೆ, ಮೂರು ಜನ ಅಲ್ಲೇ ಇದ್ರು."

ಮೂವರೂ ಆಗಲೇ ಬಾಗಿಲಲ್ಲಿ ನೆರೆದಿದ್ದರು. ಅಧಿಕಾರಿ ಚಿತ್ರವನ್ನು ಅವರತ್ತ ಹಿಡಿದು, "ನೀವು ಇದ್ರಾ?" ಎಂದರು.

ಟೀಚರಮ್ಮ ಕನ್ನಡಕ ಏರಿಸಿ ಚಿತ್ರವನ್ನು ಮೂಲೆ ಮೂಲೆ ನೋಡಿದರು. "ನಾನು ಎಲ್ಲೂ ಕಾಣ್ತಿಲ್ವಲ್ಲಪ್ಪ," ಎಂದರು. ಕಾರ್ಯದರ್ಶಿ ಸಭೆಯಲ್ಲಿದ್ದರಂತೆ. ಔಷಧಿ ಅಂಗಡಿಯವನು ಬೆಳಿಗ್ಗೆಯಿಂದ ಕೌಂಟರ್ ಬಿಟ್ಟು ಅಲ್ಲಾಡಿಯೇ ಇರಲಿಲ್ಲವಂತೆ.

ಮನೆ, ಅಂಗಡಿ, ಅಟ್ಟ ಎಲ್ಲ ಜಾಲಾಡಿದರೂ ಹದ್ದು ಸಿಗಲಿಲ್ಲ. ಅಧಿಕಾರಿ ಬೆವರು ಒರೆಸಿಕೊಂಡು ಚಿತ್ರವನ್ನು ಮತ್ತೊಮ್ಮೆ ನೋಡಿದರು.

"ಫೋಟೊ ಮಾತ್ರ ಬಹಳ ಸ್ಪಷ್ಟವಾಗಿದೆ. ದೊಡ್ಡದು ಮಾಡಿಸಿ ನಮ್ಮ ಎಲ್ಲಾ ಕಚೇರಿ ಗೋಡೆಗೂ ಹಾಕಿಸ್ತೀವಿ. ಸುಳಿವು ಸಿಕ್ಕವರು ತಿಳಿಸಲಿ."

ಗೋಡೆ ಎಂಬ ಮಾತು ಕಿವಿಗೆ ಬಿದ್ದಾಗ, ಅಂಥ ಗಳಿಗೆಯಲ್ಲೂ ಪಾಸ್‌ಪೋರ್ಟಪ್ಪನ ಎದೆ ಒಮ್ಮೆ ಹಿಗ್ಗಿತು.

"ಎಲ್ಲಾ ಕಚೇರೀಲೂನಾ ಸಾರ್?"

"ಎಲ್ಲಾ ಕಚೇರೀಲೂ. ಪಕ್ಕದಲ್ಲಿ ಆರೋಪಿ ಫೋಟೊನೂ ಬೇಕು. ಹೇಗಿದ್ರೂ ಸ್ಟುಡಿಯೊ ನಿಮ್ಮದೇ, ಕೂತ್ಕೊಳ್ಳಿ."

ಅವನು ಹೋಗಿ ನೀಲಿ ಪರದೆಯ ಮುಂದಿನ ಸ್ಟೂಲಿನಲ್ಲಿ ಕೂತ. ಹೆಂಡತಿ ಕ್ಯಾಮೆರಾ ಎತ್ತಿಕೊಂಡಳು.