ನಲವತ್ತೊಂದು ಪೊಟ್ಟಣ ಹರಿದ ಮಾವ

ಕಳೆದ ಶ್ರಾವಣದ ಮೊದಲ ಮಂಗಳವಾರ ಬೆಳಗ್ಗೆ ಹತ್ತು ಗಂಟೆ ಐವತ್ತು ನಿಮಿಷಕ್ಕೆ, ತೆಲುಗು ಸೀಮೆಯ ಆದೋನಿಯ ಹಲ್ಲಿನ ಒಂದು ಸಣ್ಣ ಆಸ್ಪತ್ರೆಯಲ್ಲಿ, ಹಬೆಯಲ್ಲಿ ಶುದ್ಧ ಮಾಡಿ ಮುಚ್ಚಿಟ್ಟಿದ್ದ ನಲವತ್ತೊಂದು ಪೊಟ್ಟಣಗಳೂ ಒಂದೇ ಕಡೆ, ಹೆಬ್ಬೆಟ್ಟಿನ ಅಗಲದಷ್ಟು ಹರಿದಿರುವುದು ತಪಾಸಣೆಗೆ ಬಂದ ಅಧಿಕಾರಿಯ ಕಣ್ಣಿಗೆ ಬಿತ್ತು. ಹರಿದವರು ನನ್ನ ಸೋದರಮಾವ. ಅವರು ಇದನ್ನು ನಿರಾಕರಿಸಿಲ್ಲ. ನಿರಾಕರಿಸುವುದಿರಲಿ, "ನಾನ ರೀ!" ಎಂದು ಕೈ ಎತ್ತಿದರು, ತರಗತಿಯಲ್ಲಿ ಹಾಜರಿ ಹೇಳುವವರ ಹಾಗೆ!

ಆದೋನಿಯಲ್ಲಿ ಯಾವ ಪರೀಕ್ಷೆಗೂ ಹೆದರದ ಮನುಷ್ಯ ಯಾರೆಂದು ಕೇಳಿದರೆ ನಾನು ಮಾವನನ್ನು ತೋರಿಸುತ್ತೇನೆ. ಸದಾ ಪರೀಕ್ಷೆ ಮಾಡುವವರೇ ಅವರಾಗಿರುವಾಗ ಹೆದರಿಕೆ ಎಲ್ಲಿಂದ ಬರಬೇಕು? ಹತ್ತಿ ಮಾರುಕಟ್ಟೆಯಲ್ಲಿ ಅವರ ಕೆಲಸವೇ ಅದಾಗಿತ್ತು. ಗಾಡಿಯಿಂದ ಇಳಿದ ಹತ್ತಿಯ ಗುಪ್ಪೆಗೆ ಮೊಣಕೈ ತನಕ ಕೈ ಹಾಕಿ, ನಡುವಿನಿಂದ ಒಂದು ಚಿಟಿಕೆ ಕಿತ್ತು, ಎರಡು ಹೆಬ್ಬೆಟ್ಟುಗಳ ನಡುವೆ ಎಳೆದು, ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದರು. "ನಂದವರಂ ಕಡೀದು. ಎರಡನೇ ಬಿಡತಿ, ಮೊದಲ ಸಲ ಬಿಡಿಸಿದ್ದಲ್ಲ. ಮ್ಯಾಲಿನದು ಚಲೋ ಐತಿ, ಒಳಗ ಕಲಬೆರಕಿ." ವ್ಯಾಪಾರಿ ಒಪ್ಪುತ್ತಿದ್ದ, ರೈತ ಬೈಯುತ್ತಿದ್ದ, ಆದರೆ ಇಬ್ಬರಲ್ಲಿ ಯಾರೂ ಅವರ ಮಾತು ಸುಳ್ಳೆಂದು ಹೇಳಿದ್ದು ನಾನು ಕೇಳಿಲ್ಲ. ಮೇಲಿನದನ್ನು ನಂಬಬಾರದು, ನಡುವಿನಿಂದ ಎಳೆದು ನೋಡಬೇಕು ಎಂಬುದು ಮಾರುಕಟ್ಟೆಯ ಪದ್ಧತಿ. ಮಾವ ಅದನ್ನು ಮಾರುಕಟ್ಟೆಯ ಗೇಟಿನ ಹೊರಗೂ ತಂದರು. ತೊಂದರೆ ಅಲ್ಲಿಂದ ಶುರು.

ನನ್ನ ತಂಗಿಗೆ ಮಾಧವರಂನಲ್ಲಿ ಸಂಬಂಧ ನೋಡಲು ಹೋಗಿದ್ದೆವು. ಗಂಡಿನ ಮನೆಯವರು ಒಳಗೆ ತಟ್ಟೆಗೆ ಉಪ್ಪಿಟ್ಟು ಹಾಕುತ್ತಿದ್ದರು. ಇತ್ತ ಮಾವ ತಾವು ಒರಗಿದ್ದ ದಿಂಬಿನ ಹೊಲಿಗೆ ಬಿಚ್ಚಿ, ಎರಡು ಬೆರಳು ತೂರಿಸಿ, ಚಿಟಿಕೆ ಹತ್ತಿ ಎಳೆದು ನೋಡುತ್ತಿದ್ದರು! ವರನ ತಾಯಿ ಬಾಗಿಲಲ್ಲೇ ನಿಂತು ನೋಡಿದರು. ಮಾವ ಅಳುಕಲಿಲ್ಲ. "ಹಳೇ ಗಾದಿ ಹತ್ತಿ ತುಂಬ್ಯಾರ ತಂಗಿ. ನಿಮ್ಮದೇನು ತಪ್ಪಿಲ್ಲ, ಅಂಗಡ್ಯಾವ ಮೋಸ ಮಾಡ್ಯಾನ." ಮದುವೆ ನಡೆಯಿತು. ಮದುವೆಗೆ ಮೊದಲು ಅವರ ಮನೆಯ ದಿಂಬುಗಳೆಲ್ಲ ಬದಲಾಗಿದ್ದವು.

ಮಗಳು ಗಿರಿಜಾ ದಂತವೈದ್ಯೆಯಾಗಿ ಊರಿನಲ್ಲೇ ಆಸ್ಪತ್ರೆ ತೆರೆದಾಗ ಮಾವ ತಮ್ಮನ್ನು ತಾವೇ ಅಲ್ಲಿ ನೇಮಿಸಿಕೊಂಡರು. ಹುದ್ದೆಯ ಹೆಸರು ಯಾರಿಗೂ ಗೊತ್ತಿಲ್ಲ. ಬಾಗಿಲ ಬಳಿಯ ಕುರ್ಚಿ ಅವರದು. ಬಂದವರ ಊರು ಕೇಳಿ, ಬಾಯಿ ತೆರೆಯಲು ಹೇಳಿ, ಬಗ್ಗಿ ನೋಡಿ, ಮಗಳಿಗಿಂತ ಮುಂಚೆ ತೀರ್ಪು ಕೊಟ್ಟುಬಿಡುತ್ತಿದ್ದರು.

"ಯಾವೂರು?"

"ಸಿ. ಬೆಳಗಲ್ ರೀ."

"ಆ ಅನ್ನು. ಹ್ಞಾಂ. ಮುಂದಿನವು ಮ್ಯಾಲಿನ ಸರಕು. ನಡುವಿನವು ಹೋಗ್ಯಾವ ನೋಡಪಾ. ಒಳಗ ಹೋಗು."

ಒಳಗಿನಿಂದ ಗಿರಿಜಾ ಕೂಗುತ್ತಿದ್ದಳು. "ಅಪ್ಪಾ, ಮಂದೀ ಹಲ್ಲು ಅವು, ಹತ್ತಿ ಅಂಡಗಿ ಅಲ್ಲ!"

ಅಲ್ಲಿನ ನರ್ಸ್ ಮಾಬುನ್ನಿಗೆ ಮಾವನೆಂದರೆ ಅರ್ಧ ಸಿಟ್ಟು, ಅರ್ಧ ಬೆರಗು. ಬೆರಗಿಗೆ ಕಾರಣ ಚಹಾ. ಒಲೆಯಿಂದ ಆಗಷ್ಟೇ ಇಳಿದ ಚಹಾ ಸ್ಟೀಲ್ ಲೋಟಕ್ಕೆ ಬಿದ್ದ ಕೂಡಲೇ ನಾವೆಲ್ಲ ಸೆರಗು, ಕರವಸ್ತ್ರ ಹುಡುಕುತ್ತಿದ್ದರೆ ಮಾವ ಬರಿಗೈಯಲ್ಲಿ ಲೋಟ ಹಿಡಿದು ಕೂತು ಮಾತು ಮುಂದುವರಿಸುತ್ತಿದ್ದರು. "ಕ್ಯಾ ಹಾಥ್ ಹೈ ಮಾಮೂ!" ಎನ್ನುತ್ತಿದ್ದಳು ಮಾಬುನ್ನಿ. "ಹತ್ತಿ ಎಳದ ಕೈ ಇದು. ಇದಕ್ಕ ಬಿಸಿ ಏನು, ತಂಪು ಏನು?" ಎಂದು ಮಾವ ಮೀಸೆ ತಿರುವುತ್ತಿದ್ದರು. ನಾವು ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ, ಒಂದಲ್ಲ ಹಲವು ಸಲ. ಇದು ದಾಖಲಾಗಬೇಕು.

ಆಸ್ಪತ್ರೆಯ ನೋಂದಣಿ ಆ ತಿಂಗಳು ನವೀಕರಣವಾಗಬೇಕಿತ್ತು. ತಪಾಸಣೆಯಲ್ಲಿ ಪಾಸಾದರೆ ನವೀಕರಣ, ಇಲ್ಲವಾದರೆ ಶಟರ್ ಕೆಳಗೆ. ಗಿರಿಜಾ ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ. ಬೆಂಕಿ ನಂದಿಸುವ ಸಿಲಿಂಡರು ತುಂಬಿಸಿದಳು. ಕಸಕ್ಕೆ ಬಣ್ಣಬಣ್ಣದ ಡಬ್ಬಿ ತಂದಳು. ಎಕ್ಸ್‌ರೇ ಕೋಣೆಯ ಬಾಗಿಲಿಗೆ ಎಚ್ಚರಿಕೆಯ ಫಲಕ ಅಂಟಿಸಿದಳು. ಎಲ್ಲಕ್ಕಿಂತ ಮುಖ್ಯವಾದದ್ದು ಪೊಟ್ಟಣಗಳು. ಪ್ರತಿ ರೋಗಿಗೂ ಒಂದು ಪೊಟ್ಟಣ. ಅದರೊಳಗೆ ಕನ್ನಡಿ, ಕಡ್ಡಿ, ಚಿಮಟ, ನಾಲ್ಕು ಹತ್ತಿ ಸುರುಳಿ. ಎಲ್ಲವನ್ನೂ ಒಳಗಿಟ್ಟು, ಅಂಚು ಅಂಟಿಸಿ, ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ ಹಬೆಗಿಡಬೇಕು. ಆಮೇಲೆ ಅದನ್ನು ಬಿಚ್ಚುವುದು ರೋಗಿಯ ಎದುರಿಗೇ. ನಡುವೆ ಒಂದು ಸೂಜಿಮೊನೆಯಷ್ಟು ತೂತಾದರೂ ಅದು ಶುದ್ಧವಲ್ಲ. ಮಾಬುನ್ನಿ ಸೋಮವಾರ ನಲವತ್ತೊಂದು ಪೊಟ್ಟಣ ತಯಾರಿಸಿ ಡ್ರಾಯರಿನಲ್ಲಿ ಸಾಲಾಗಿ ಇಟ್ಟು ಹೋದಳು.

ಗಿರಿಜಾ ಅಪ್ಪನಿಗೆ ಹೇಳಿದ್ದು ಒಂದೇ ಮಾತು. "ನಾಳಿ ನೀನು ಆಸ್ಪತ್ರಿಗೆ ಬರಬ್ಯಾಡ."

"ಯಾಕ ಬರಬಾರದು? ಪರೀಕ್ಷಾ ಮಾಡಾಕ ಬರೋರ ಹಕೀಕತ್ತು ನನಗ ಗೊತ್ತೈತಿ, ನಿನಗ ಗೊತ್ತಿಲ್ಲ."

"ಅದಕ್ಕ ಬರಬ್ಯಾಡ ಅಂದಿದ್ದು."

ಅವರು ಬಂದರು. ಎಂಟು ಗಂಟೆಗೆ, ಎಲ್ಲರಿಗಿಂತ ಮೊದಲು, ತಮ್ಮ ಬಳಿಯ ಕೀಲಿಯಿಂದ ಶಟರ್ ಎತ್ತಿ.

ನಾನು ಹತ್ತೂವರೆಗೆ ಹೋದೆ. ನಾನು ಪತ್ರಿಕೆಯವನು, ಆದರೆ ಹೋದದ್ದು ವರದಿಗಾಗಿ ಅಲ್ಲ, ಹಲ್ಲಿಗಾಗಿ. ಕೆಳಗಿನ ಒಂದು ದವಡೆ ಹಲ್ಲನ್ನು ಗಿರಿಜಾ ಹಿಂದಿನ ವಾರವಷ್ಟೇ ಕೊರೆದು ತಾತ್ಕಾಲಿಕವಾಗಿ ಮುಚ್ಚಿದ್ದಳು. ಅಷ್ಟರಲ್ಲಿ ಅಧಿಕಾರಿ ಬಂದರು. ಕನ್ನಡಕ ಹಾಕಿದ, ನಡುವಯಸ್ಸಿನ, ಅನಗತ್ಯವಾಗಿ ಮಾತಾಡದ ತೆಲುಗು ಹೆಣ್ಣುಮಗಳು. ಕೈಯಲ್ಲಿ ಪಟ್ಟಿ, ಕಿವಿಯ ಮೇಲೆ ಪೆನ್ನು. ಸಿಲಿಂಡರು ನೋಡಿದರು, ಸರಿ ಎಂದು ಗೀಟು ಹಾಕಿದರು. ಡಬ್ಬಿಗಳನ್ನು ನೋಡಿದರು, ಗೀಟು. ಫಲಕ, ಗೀಟು. ಪ್ರತಿ ಗೀಟಿಗೂ ಗಿರಿಜಾಳ ಭುಜ ಒಂದು ಕೂದಲೆಳೆಯಷ್ಟು ಇಳಿಯುತ್ತಿತ್ತು. ಡ್ರಾಯರು ಎಳೆದರು.

ಒಂದು ಪೊಟ್ಟಣ ಎತ್ತಿದರು. ಬೆಳಕಿಗೆ ಹಿಡಿದರು. ಕೆಳಗಿಟ್ಟರು. ಇನ್ನೊಂದು. ಮತ್ತೊಂದು. ಪೆನ್ನು ಕಿವಿಯ ಮೇಲೆಯೇ ಉಳಿಯಿತು.

"ಇವಿ ಎವರು ಚಿಂಪಾರು?" ಯಾರು ಹರಿದದ್ದು ಇವನ್ನ?

ಮಾಬುನ್ನಿಯ ಮುಖ ಬಿಳಿಚಿತು. ಗಿರಿಜಾ ತಾನೇ ಒಂದು ಪೊಟ್ಟಣ ಎತ್ತಿ ತಿರುಗಿಸಿ ನೋಡಿದಳು. ಆಗ ಬಾಗಿಲ ಬಳಿಯ ಕುರ್ಚಿಯಿಂದ ಆ ಸಂತೋಷದ ದನಿ ಬಂತು. "ನಾನ ರೀ!"

"ಯಾಕೆ?"

"ನೀವು ನೋಡೋಕಿನ್ನ ಮೊದಲ ನಾನು ನೋಡಿದೆ ಅಮ್ಮಾ. ಕಂಪನಿಯೋರು ಚೀಟಿ ಮ್ಯಾಲೆ ಏನು ಬೇಕಾದ್ದು ಬರೀತಾರ. ಒಳಗಿನ ಹತ್ತಿ ಎಂಥದ್ದು ಅಂತ ಎಳದು ನೋಡಬೇಕಲ್ಲ?"

"ಕೈಗೆ ಗ್ಲೌಸ್ ಹಾಕಿದ್ರಾ?"

"ಗ್ಲೌಸ್ ಹಾಕ್ಕೊಂಡು ಹತ್ತಿ ಹೆಂಗ ತಿಳೀತದ? ಕೆಂಪು ಸಾಬೂನು ಹಚ್ಚಿ ಎರಡು ಸಲ ತೊಳದೀನಿ, ಕೇಳ್ರಿ ಬೇಕಾದ್ರ!"

ಯಾರನ್ನು ಕೇಳುವುದು? ಸಾಬೂನನ್ನೇ?

ಅಧಿಕಾರಿ ನಗಲಿಲ್ಲ. ಹರಿದ ಪೊಟ್ಟಣವೊಂದನ್ನು ಮಾವನ ಕಡೆ ಹಿಡಿದು ಕೇಳಿದರು. "ಸರೇ ಸಾರ್. ಎಲ್ಲಾ ಒಂದೇ ಡಬ್ಬದ ಹತ್ತಿ. ಒಂದು ನೋಡಿದ್ರೆ ಸಾಕಲ್ವಾ? ನಲವತ್ತೊಂದೂ ಯಾಕೆ ಹರಿದ್ರಿ?"

ನಾನು ವರ್ಷಗಟ್ಟಲೆ ಜನರಿಗೆ ಪ್ರಶ್ನೆ ಕೇಳಿ ಬದುಕಿದವನು. ಒಳ್ಳೆಯ ಪ್ರಶ್ನೆ ಕಿವಿಗೆ ಬಿದ್ದರೆ ಗೊತ್ತಾಗುತ್ತದೆ. ಮಾರುಕಟ್ಟೆಯಲ್ಲಿ ಒಂದು ಗುಪ್ಪೆಗೆ ಒಂದೇ ಚಿಟಿಕೆ ಎಳೆದು ತೀರ್ಪು ಕೊಡುತ್ತಿದ್ದವರು ಇವರೇ ಅಲ್ಲವೇ? ಎಂದೂ ಉತ್ತರಕ್ಕೆ ತಡಕಾಡದ ಮಾವ ತಲೆ ತಗ್ಗಿಸಿ ಧೋತರದ ಅಂಚು ಸರಿಮಾಡಿಕೊಂಡರು. 

ಹನ್ನೊಂದು ಇಪ್ಪತ್ತಕ್ಕೆ ಆದೇಶ ಬರೆಯಲಾಯಿತು. ಏಳು ದಿನ ಚಿಕಿತ್ಸೆ ಬಂದ್. ಎಂಟನೇ ದಿನ ಮರುತಪಾಸಣೆ. ಆಗಲೂ ಸರಿಯಿಲ್ಲದಿದ್ದರೆ ನೋಂದಣಿ ರದ್ದಿಗೆ ಶಿಫಾರಸು. ನನ್ನ ಹಲ್ಲು ಕೊರೆದ ಸ್ಥಿತಿಯಲ್ಲೇ ಮನೆಗೆ ಹೋಯಿತು, ನನ್ನ ಜೊತೆ.

ಆ ಏಳು ದಿನ ಗಿರಿಜಾ ಅಪ್ಪನ ಜೊತೆ ಮಾತಾಡಲಿಲ್ಲ. ಮಾವ ಶಟರಿನ ಎದುರು, ರಸ್ತೆಯ ಆಚೆ, ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತರು. ಹಲ್ಲು ಹಿಡಿದುಕೊಂಡು ಬಂದವರಿಗೆಲ್ಲ ಅಲ್ಲಿಂದಲೇ ಸಮಾಧಾನ ಹೇಳಿ ಕಳಿಸುತ್ತಿದ್ದರು.

"ಯಾಕ ಮುಚ್ಚೈತಿ ಕಾಕಾ?"

"ಪರೀಕ್ಷಾ ನಡದೈತಿ."

"ಯಾರದು?"

"ನಂದು."

ಇಷ್ಟನ್ನು ನನಗೆ ಹೇಳಿದ್ದು ಚಹಾ ಅಂಗಡಿಯವನು. ನಾನು ಹೋದಾಗ ಮಾವ ಬೆಂಚಿನ ತುದಿಗೆ ಸರಿದು ಜಾಗ ಮಾಡಿಕೊಟ್ಟರು. ಅವರ ಕೈಯಲ್ಲಿ ಬಿಸಿ ಲೋಟ ಇತ್ತು.

ಎಂಟನೇ ದಿನ ಅಧಿಕಾರಿ ಸರಿಯಾಗಿ ಹತ್ತಕ್ಕೆ ಬಂದರು. ಹೊಸ ಡ್ರಾಯರಿಗೆ ಬೀಗವಿತ್ತು, ಕೀಲಿ ಮಾಬುನ್ನಿಯ ಸೊಂಟದಲ್ಲಿತ್ತು. ಅವರಿಗೆ ಅಷ್ಟು ಸಾಲಲಿಲ್ಲ. "ನನ್ನ ಮುಂದೆ ಒಂದು ಸಲ ಯಂತ್ರ ನಡೆಸಿ ತೋರಿಸಿ" ಎಂದರು. ಮಾಬುನ್ನಿ ಪೊಟ್ಟಣಗಳನ್ನು ಸ್ಟೀಲ್ ತಟ್ಟೆಯಲ್ಲಿ ಜೋಡಿಸಿ ಒಳಗಿಟ್ಟಳು. ಮುಕ್ಕಾಲು ಗಂಟೆ ನಾವೆಲ್ಲ ಒಂದು ಯಂತ್ರದ ಮುಳ್ಳು ನೋಡುತ್ತ ನಿಂತೆವು. ಚುನಾವಣೆಯ ಮತ ಎಣಿಕೆಯಲ್ಲೂ ನಾನು ಅಂಥ ಮೌನ ಕಂಡಿಲ್ಲ! ಮಾವ ಯಾವಾಗ ರಸ್ತೆ ದಾಟಿದರೋ, ಹೊಸ್ತಿಲ ಮೇಲೆ ನಿಂತಿದ್ದರು. ಗಿರಿಜಾ ನೋಡಿದಳು. ಅಧಿಕಾರಿಯ ಎದುರು ಏನೂ ಅನ್ನಲಾರದೆ ಹಲ್ಲು ಕಚ್ಚಿದಳು.

ಯಂತ್ರ ಕೂಗಿತು. ಮಾಬುನ್ನಿ ಬಾಗಿಲು ತೆರೆದಳು. ದಪ್ಪ ಕೈಗವಸು ಅಲ್ಲಿರಲಿಲ್ಲ. ಗಡಿಬಿಡಿಯಲ್ಲಿ ಒಳಕೋಣೆಯಲ್ಲಿ ಬಿಟ್ಟಿದ್ದಳು. "ಅರೇ, ಏಕ್ ಮಿನಿಟ್" ಎಂದು ಅತ್ತ ಓಡಿದಳು. ಆ ಒಂದು ನಿಮಿಷ ಮಾವನಿಗೆ ಬಹಳ ಉದ್ದವಾಯಿತು. ಅಧಿಕಾರಿಯ ಎದುರು ಮಗಳ ಕೆಲಸ ನಿಂತುಹೋಯಿತಲ್ಲ! ಮೂರು ಹೆಜ್ಜೆಯಲ್ಲಿ ಒಳಬಂದು, ಬರಿಗೈಯಿಂದ ತಟ್ಟೆ ಎಳೆದು, ಎರಡೂ ಕೈಯಲ್ಲಿ ಹಿಡಿದು ಅಧಿಕಾರಿಯ ಮುಂದೆ ಚಾಚಿದರು.

"ನೋಡ್ರಿ ಅಮ್ಮಾ. ಒಂದೂ ಹರದಿಲ್ಲ. ನಾನು ಮುಟ್ಟೇ ಇಲ್ಲ. ನನ್ನ ಮಗಳದು ಏನೂ ತಪ್ಪಿಲ್ಲ. ಆಕಿ ಹಗಲೆಲ್ಲಾ ದುಡೀತಾಳ, ಬೇಕಾದ್ರ ಊರಾಗ ವಿಚಾರಿಸ್ರಿ..."

"ಸಾರ್!" ಅಧಿಕಾರಿಯ ಪಟ್ಟಿ ನೆಲಕ್ಕೆ ಬಿತ್ತು. "ಸಾರ್, ಅದಿ ವೇಡಿ! ಬಿಸಿ, ಬಿಸಿ! ಬಿಡಿ!"

ಮಾವ ಬಿಡಲಿಲ್ಲ. ಅರ್ಥವಾಗದೆ ಅವರ ಮುಖವನ್ನೇ ನೋಡಿದರು. ಗಿರಿಜಾ ತನ್ನ ಬಿಳಿ ಕೋಟು ಕಳಚಿ, ಅದರಿಂದಲೇ ತಟ್ಟೆ ಕಿತ್ತುಕೊಂಡು ಮೇಜಿನ ಮೇಲಿಟ್ಟಳು. ಅಪ್ಪನ ಕೈಗಳನ್ನು ಮಗುಚಿದಳು. ಎರಡೂ ಕೈಯ ಬೆರಳುಗಳ ಮೇಲೆ ತಟ್ಟೆಯ ಅಂಚಿನ ಗೆರೆ ಬಿಳಿಯಾಗಿ ಎದ್ದಿತ್ತು.

ಮಾವ ಆ ಬೆರಳುಗಳನ್ನು ಬೇರೆ ಯಾರದೋ ಸರಕಿನಂತೆ ನೋಡಿದರು.

"ಬಿಸಿ ಇತ್ತೇನು?" ಎಂದು ಕೇಳಿದರು.

ಗಿರಿಜಾ ಅವರ ಕೈಗಳನ್ನು ನಲ್ಲಿಯ ಕೆಳಗೆ ಹಿಡಿದಳು.  ಮಗಳಿಗೆ ಮಾತ್ರ ಕೇಳಲಿ ಎನ್ನುವ ದನಿಯಲ್ಲಿ ಮಾವ ಹೇಳಿದರು, ಆದರೆ ಆ ಸಣ್ಣ ಕೋಣೆಯಲ್ಲಿ ನಮಗೆಲ್ಲ ಕೇಳಿಸಿತು.

"ಒಂದ ಎಳದೆ ಗಿರಿಜಾ. ಕೈಗೆ ತಿಳೀಲಿಲ್ಲ. ಅದಕ್ಕ ಇನ್ನೊಂದು ಎಳದೆ. ಅದೂ ತಿಳೀಲಿಲ್ಲ. ಕಡೀದರಾಗರ ತಿಳೀತದ ಅಂದ್ಕೊಂಡೆ."

"ಎಂದಿನಿಂದ ಹಿಂಗ?"

"ಮಾರ್ಕೆಟ್ ಬಿಟ್ಟಿನಲ್ಲ, ಆವಾಗಿಂದ. ಅದಕ್ಕ ಬಿಟ್ಟೆ."

ವಯಸ್ಸಾಯಿತು, ಸಾಕು ಎಂದು ಬಿಟ್ಟೆ ಅಂತ ನಮಗೆಲ್ಲ ಹೇಳಿದ್ದರು.

ಅಧಿಕಾರಿ ನೆಲದಿಂದ ಪಟ್ಟಿ ಎತ್ತಿಕೊಂಡು ಬರೆದರು. ಷರಾ ಒಂದೇ ಸಾಲಿನದು. ಬಿಸಿ ತಟ್ಟೆ ತೆಗೆಯುವ ಕೈಗವಸು ಯಂತ್ರದ ಪಕ್ಕದಲ್ಲೇ ಇರತಕ್ಕದ್ದು. ಉಳಿದ ಎಲ್ಲಕ್ಕೂ ಗೀಟು. ಹೊರಡುವಾಗ ಮಾವನ ಮುಂದೆ ನಿಂತು, "ಪೆದ್ದಾಯನಾ, ಹಿರಿಯರೇ, ಶುಗರ್ ಟೆಸ್ಟ್ ಮಾಡಿಸಿದ್ದೀರಾ?" ಎಂದು ಕೇಳಿದರು. ಮಾವ ಇಲ್ಲವೆಂದು ತಲೆಯಾಡಿಸಿದರು. ಎಲ್ಲರನ್ನೂ ಪರೀಕ್ಷೆ ಮಾಡಿದವರು ತಾವು ಮಾತ್ರ ಎಂದೂ ಪರೀಕ್ಷೆಗೆ ಕೂತಿರಲಿಲ್ಲ.

ಬೆರಳುಗಳ ಸ್ಪರ್ಶ ತಿಂದದ್ದು ಸಕ್ಕರೆ ಕಾಯಿಲೆ, ಅದೂ ಹಳೆಯದೆಂದು ಎರಡು ದಿನದಲ್ಲಿ ಗೊತ್ತಾಯಿತು. ಸುಟ್ಟ ಗಾಯ ಮಾಯಲು ಐದು ವಾರ ಹಿಡಿಯಿತು. ನೋಂದಣಿ ಪತ್ರ ನವೀಕರಣವಾಗಿ ಬಂದಿದೆ. ಗಿರಿಜಾ ಅದನ್ನು ಬಾಗಿಲ ಬಳಿಯ ಕುರ್ಚಿಯ ಮೇಲ್ಗಡೆ ಗೋಡೆಗೆ ಹಾಕಿದ್ದಾಳೆ. ಕುರ್ಚಿ ಮಾವನದೇ. ನನ್ನ ಹಲ್ಲಿನ ಕೆಲಸ ಪೂರ್ತಿಯಾಗಿದೆ.

ಬೆರಳುಗಳ ಪರೀಕ್ಷೆಗೆ ವೈದ್ಯರು ಹೇಳಿಕೊಟ್ಟ ಕ್ರಮ ಹೀಗಿದೆ. ರೋಗಿ ಕಣ್ಣು ಮುಚ್ಚಬೇಕು. ಒಂದೊಂದೇ ಬೆರಳಿನ ತುದಿಗೆ ಹತ್ತಿಯ ಎಳೆ ತಾಗಿಸಬೇಕು. ತಾಗಿದ್ದು ಯಾವ ಬೆರಳಿಗೆ ಎಂದು ಅವರು ಹೇಳಬೇಕು. ಪ್ರತಿದಿನ ಬೆಳಗ್ಗೆ ಒಂಬತ್ತೂವರೆಗೆ, ಮೊದಲ ರೋಗಿ ಬರುವ ಮುಂಚೆ, ಗಿರಿಜಾ ಇದನ್ನು ಮಾಡುತ್ತಾಳೆ. ಅದಕ್ಕಾಗಿ ನಂದವರಂನಿಂದ ಬಂದ ರೋಗಿಯೊಬ್ಬರ ಬಳಿ ಕೇಳಿ ತರಿಸಿದ ಮೊದಲ ಬಿಡತಿಯ ಹತ್ತಿ ಇಟ್ಟುಕೊಂಡಿದ್ದಾಳೆ.

ನಿನ್ನೆ, ಗುರುವಾರ, ಹತ್ತು ಬೆರಳುಗಳಲ್ಲಿ ನಾಲ್ಕನ್ನು ಮಾವ ಸರಿಯಾಗಿ ಹೇಳಿದರು.