ಇಗರ್ಜಿಗೆ ಸಿಮೆಂಟು

ಯೂಫೀಲಿಯ: ಆ ಸಿಮೆಂಟು ಗಾಡಿಯಿಂದ ಇಳೀತೋ, ನಾನು ಒಲೆ ಹಚ್ಚಲ್ಲ. ಹೇಳ್ಬಿಟ್ಟಿದೀನಿ.

ಡೆಲ್ಫಿನೊ: ಹಚ್ಚಬೇಡ. ಇಗರ್ಜಿ ಗೋಡೆಗೆ ಒಂದ್ಸಲ ಸಿಮೆಂಟು ಬಳಿದ್ರೆ ಸಾಯೋವರೆಗೂ ನೆಮ್ಮದಿ. ಇಲ್ದಿದ್ರೆ ವರ್ಷಾ ವರ್ಷಾ ಮಣ್ಣು ಕಲಸು, ಹುಲ್ಲು ಹಾಕು, ಮೆತ್ತು.

ಯೂಫೀಲಿಯ: ನಿಮ್ಮ ತಮ್ಮನೂ ಮನೆಗೆ ಬಳಿಸಿದ್ರಲ್ಲ. ಮೇಲೆ ಮದುಮಗನ ಥರ ಥಳಥಳ, ಒಳಗೆ ನೀರು ಕೂತು ಮಣ್ಣಿಟ್ಟಿಗೆಯೆಲ್ಲ ಗಂಜಿ. ಊಟಕ್ಕೆ ಬಂದ ಪಾದ್ರಿಗಳು ಗೋಡೆಗೆ ಒರಗಿದೋರು ಹಿತ್ತಲಲ್ಲಿ ಎದ್ರು.

ಡೆಲ್ಫಿನೊ: ಪಾದ್ರಿಗಳ ತೂಕ ನೋಡಿದೀಯಾ?

ನ್ಯೂ ಮೆಕ್ಸಿಕೊದ ಆ ಬೆಟ್ಟದೂರಿನಲ್ಲಿ ಈ ವರ್ಷ ಇಗರ್ಜಿಯ ಬೀಗದ ಕೈಯೂ ಉಸ್ತುವಾರಿಯೂ ಈ ದಂಪತಿಯ ಬಳಿ ಇದ್ದವು. ಅದರ ಮಣ್ಣಿಟ್ಟಿಗೆ ಗೋಡೆಗೆ ಮಣ್ಣು ಮೆತ್ತಲು ನಾಳೆ ಊರೆಲ್ಲ ಸೇರುತ್ತದೆ. ಕಲಸುವುದು, ಹೊರುವುದು ಗಂಡಸರ ಪಾಡು. ಮೆತ್ತುವುದು ಹೆಂಗಸರ ಹಕ್ಕು. ಗಂಟೆಗೋಪುರದ ಪಕ್ಕದ ಎತ್ತರದ ಗೋಡೆ ಯೂಫೀಲಿಯಳದು, ಅವಳ ಅಮ್ಮನ ಕಾಲದಿಂದಲೂ. ಡೆಲ್ಫಿನೊ ಆ ಗೋಡೆಗೆ ಒರಗಿಸಿದ್ದ ಏಣಿಯನ್ನು ನೋಡಿ ಮುಖ ತಿರುಗಿಸಿದ.

ಯೂಫೀಲಿಯ: ಗೊತ್ತಾಯ್ತು ಬಿಡಿ. ಮಣ್ಣು ಹೊರೋಕೆ ಮೈಗಳ್ಳತನ.

ಡೆಲ್ಫಿನೊ: ಬೆಟ್ಟಾನೇ ಹೊರ್ತೀನಿ.

ಯೂಫೀಲಿಯ: ಹಾಗಾದ್ರೆ ಊರೋರಿಗೆಲ್ಲ ಬೀನ್ಸು, ಮೆಣಸಿನಕಾಯಿ ಸಾರು ಹಾಕ್ಬೇಕಲ್ಲ ಅಂತ ಜಿಪುಣತನ.

ಡೆಲ್ಫಿನೊ: ಎರಡು ಕುರಿ ಕಡಿಸ್ತೀನಿ. ಏಣಿ ಹತ್ತೋರು ಯಾರೇ?

ಯೂಫೀಲಿಯ: ನಾನು. ಇನ್ಯಾರು?

ಡೆಲ್ಫಿನೊ: ಹೋದ ವರ್ಷ ತುದೀಲಿ ತಲೆ ತಿರುಗಿ ಗೋಡೆ ತಬ್ಕೊಂಡಿದ್ಯಲ್ಲ.

ಯೂಫೀಲಿಯ: ಪ್ರಾರ್ಥನೆ ಮಾಡ್ತಿದ್ದೆ.

ಡೆಲ್ಫಿನೊ: ಒಂದು ಕಾಲು ಗಾಳೀಲಿ ಬಿಟ್ಕೊಂಡಾ? ಕೆಳಗೆ ನಿಂತಿದ್ದ ನನಗೆ ಕೈಕಾಲೇ ಬಿದ್ದೋಯ್ತು ಕಣೇ. ಇವತ್ತಿಗೂ ಆ ಏಣಿ ಕಂಡ್ರೆ ಎದೆ ಝಲ್ ಅನ್ನುತ್ತೆ.

ಯೂಫೀಲಿಯ ಏಪ್ರನ್ನಿಗೆ ಕೈ ಒರೆಸಿಕೊಂಡಳು.

ಯೂಫೀಲಿಯ: ಇಷ್ಟು ಹೇಳೋಕೆ ಒಂದು ಗಾಡಿ ಸಿಮೆಂಟು ಬೇಕಿತ್ತಾ?

ಡೆಲ್ಫಿನೊ: ಹೇಳಿದ್ರೆ ಕೇಳ್ತಿದ್ಯಾ?

ಯೂಫೀಲಿಯ: ಅಮ್ಮನ ಗೋಡೆ ರೀ ಅದು. ಬೇರೆಯೋರ ಕೈಗೆ ಬಿಟ್ಟು ಕೆಳಗೆ ಕೂತ್ರೆ ನಾನು ಮುದುಕಿ ಅಂತ ನಾನೇ ಡಂಗುರ ಹೊಡೆದ ಹಾಗೆ.

ಡೆಲ್ಫಿನೊ ಏಣಿಯ ಬಳಿ ಹೋಗಿ ಮೊದಲ ಮೆಟ್ಟಿಲ ಮೇಲೆ ತಾನೇ ಕಾಲಿಟ್ಟು ನೋಡಿದ.

ಮರುದಿನ ಸಿಮೆಂಟು ಹಂದಿಗೂಡಿನ ನೆಲಕ್ಕೆ ಹೋಯಿತು. ಏಣಿಯ ತುದಿಯಲ್ಲಿ ಡೆಲ್ಫಿನೊ, ಊರಲ್ಲಿ ಮಣ್ಣು ಮೆತ್ತಿದ ಮೊದಲ ಗಂಡಸು. ಕೆಳಗೆ ಯೂಫೀಲಿಯ ಏಣಿಯನ್ನು ಬಿಗಿಯಾಗಿ ಹಿಡಿದಿದ್ದಳು.

ಯೂಫೀಲಿಯ: ದಪ್ಪ ಆಯ್ತು. ರೊಟ್ಟಿ ತಟ್ಟೋ ಹಾಗೆ ತಟ್ಟಿ. ನೀವೆಲ್ಲಿ ತಟ್ಟಿದೀರ, ತಿಂದಿದ್ದೇ ಬಂತು.

ಪಕ್ಕದ ಮನೆಯ ರೊಮಾಲ್ಡಾ ಬಕೆಟ್ಟು ಕೆಳಗಿಟ್ಟು ನಕ್ಕಳು.

ರೊಮಾಲ್ಡಾ: ಏನಕ್ಕಾ, ಈ ವರ್ಷ ನೀನು ಮೆತ್ತಲ್ವಾ?

ಯೂಫೀಲಿಯ: ಮೆತ್ತುತ್ತಿರೋದು ನಾನೇ ಕಣೇ. ಕೈ ಮಾತ್ರ ಅವರದ್ದು.