ಕೊಸರು ಒಲ್ಲದ ಅಳತೆ ಜಾಡಿಗೆ

ಹೊನ್ನಾವರ ತಾಲೂಕು
ಮಾರ್ಚ್ ೧೯೬೩, ಶನಿವಾರ ಬೆಳಿಗ್ಗೆ

ನಮ್ಮ ಹೈಸ್ಕೂಲಿನ ಸಾಯನ್ಸ್ ಕೋಣೆಯ ಕಪಾಟಿನಲ್ಲಿ, ಎರಡನೆಯ ಹಲಗೆಯ ಮೇಲೆ, ಒಂಟಿ ಕಾಲಿನಲ್ಲಿ ನಿಂತು ತಪಸ್ಸು ಮಾಡುತ್ತಿರುವ ಮಾನ್ಯ ಅಳತೆ ಜಾಡಿಯವರೇ,

ತಮ್ಮ ಪಾದವನ್ನು ದಿನವೂ ಸೋಡಾ ಹಾಕಿ ತೊಳೆಯುವ ಜವಾನ ಜಟ್ಟಿ ನಾಯ್ಕನ ನಮಸ್ಕಾರಗಳು. ತಾವು ಮುಂಬಯಿಯಿಂದ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿಕೊಂಡು ಬಂದವರು, ನಾನು ಮುಟ್ಟಳ್ಳಿಯಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದವನು. ತಮ್ಮೆದುರು ಮಾತಾಡುವುದು ತರವಲ್ಲವೆಂದು ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ಒಂದು ಹುಡುಗಿಯ ಓದು ನಿಲ್ಲುವ ಹೊತ್ತು ಬಂದಿದೆ. ಆದ್ದರಿಂದ ಈ ಪತ್ರ ಬರೆದು, ತಮಗೆ ಓದಲು ಬಾರದೆಂದು ನೆನಪಾಗಿ, ಓದು ಬರುವ ಬೇರೆಯವರಾದರೂ ಓದಲೆಂದು ನೋಟೀಸು ಬೋರ್ಡಿಗೆ ಅಂಟಿಸಿದ್ದೇನೆ.

ಮೊದಲು ತಮ್ಮ ಗುಣಗಾನ. ತಮ್ಮೊಳಗೆ ಎಷ್ಟಿದೆ ಎಂದು ತಿಳಿಯಬೇಕಾದರೆ ಮಂಡಿಯೂರಿ, ಕಣ್ಣನ್ನು ಅದೇ ಮಟ್ಟಕ್ಕೆ ತಂದು, ನಡುವೆ ತಗ್ಗಿರುವ ಅಂಚನ್ನು ನೋಡಬೇಕೆಂದು ಸಾಯನ್ಸಿನ ರಮಾನಂದ ಮಾಸ್ತರರು ನನಗೆ ಕಲಿಸಿದರು. ಇಪ್ಪತ್ತು ವರ್ಷ ಗೇಣಿ ಭತ್ತ ಅಳೆದ ನಾನು ಯಾವ ಒಡೆಯರೆದುರೂ ಇಷ್ಟು ಬಗ್ಗಿದವನಲ್ಲ, ಆದರೂ ತಮಗಾಗಿ ಬಗ್ಗಿದೆ. ಆಸಿಡ್ಡಿಗೆ ನೀರು ಹೊಯ್ಯಬಾರದು, ನೀರಿಗೇ ಆಸಿಡ್ಡನ್ನು ಸಣ್ಣಗೆ ಇಳಿಸಬೇಕು. ಮೂಸಬೇಕಾದರೆ ಬಾಟಲಿಗೆ ಮೂಗು ತುರುಕದೆ ಕೈಯಿಂದ ಗಾಳಿ ಬೀಸಿಕೊಳ್ಳಬೇಕು. ಇವನ್ನೆಲ್ಲ ನಾನು ತಕರಾರಿಲ್ಲದೆ ಒಪ್ಪಿಕೊಂಡೆ; ಒಪ್ಪುವುದಕ್ಕೆ ಮುಂಚಿನ ದಿನಗಳ ಗುರುತಾಗಿ ನನ್ನ ಪಂಚೆಯಲ್ಲಿ ಏಳು ತೂತುಗಳಿವೆ.

ನನ್ನ ತಕರಾರು ಕೊಸರಿನದು. ಭತ್ತ ಅಳೆಯುವಾಗ ಒಂದು ಎನ್ನದೆ ‘ಲಾಭ’ ಎಂದು ಎಣಿಕೆ ಶುರುಮಾಡಿ, ಕೊಳಗದ ಮೇಲೆ ರಾಶಿ ನಿಲ್ಲಿಸಿ, ಕೊನೆಗೆ ಒಂದು ಬೊಗಸೆ ಕೊಸರು ಹಾಕದೆ ನಾನು ಯಾರ ಚೀಲದ ಬಾಯಿಯನ್ನೂ ಕಟ್ಟಿದವನಲ್ಲ. ಹಳದೀಪುರದಲ್ಲಿ ಬಸ್ಸು ನಿಲ್ಲುವ ಕಡೆ ತರಕಾರಿ ಮಾರುವ ಮಾಸ್ತಮ್ಮ ಕೂಡ ಹರಿವೆ ಕಟ್ಟಿನ ಮೇಲೆ ಎರಡು ಹಸಿಮೆಣಸು ಇಟ್ಟು, "ತಕಾ ಜಟ್ಟಣ್ಣ, ಬರೀ ಲೆಕ್ಕದ್ದು ಕೊಟ್ರೆ ಎಂತಾ ಚೆಂದ?" ಎನ್ನುತ್ತಾಳೆ. ತಾವಾದರೋ ಹತ್ತು ಎಂದರೆ ಹತ್ತು. ಇಷ್ಟೊಂದು ಜಿಪುಣತನವನ್ನು ಇಷ್ಟೊಂದು ಪಾರದರ್ಶಕವಾಗಿ ನಡೆಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಳೆದ ದೀಪಾವಳಿಯಲ್ಲಿ ನಾನು ಕೊಸರು ಹಾಕಿ ಸಿಕ್ಕಿಬಿದ್ದಾಗ, ಇನ್ನೊಮ್ಮೆ ಹೀಗಾದರೆ ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟು ಮನೆಗೆ ಹೋಗಬೇಕೆಂದು ಮಾಸ್ತರರು ಅಪ್ಪಣೆ ಮಾಡಿದ್ದರು. ಹೋದ ವಾರ ಎಸ್ಸೆಸ್ಸೆಲ್ಸಿ ಮಕ್ಕಳ ಪ್ರಾಯೋಗಿಕ ಪರೀಕ್ಷೆಗೆ ಆಸಿಡ್ ತಯಾರಿಸುವಾಗ ತಮ್ಮ ಹತ್ತರ ಗೆರೆಗೆ ಸರಿಯಾಗಿ ಅಳೆದೆ. ಆಮೇಲೆ, ಪಾಪದ ಮಕ್ಕಳ ಪರೀಕ್ಷೆ, ಕೈ ಬಿಗಿಹಿಡಿದು ಕೊಡುವುದೇ ಎಂದು ಮನಸ್ಸು ಕೇಳದೆ ಒಂದು ಸಿ.ಸಿ. ಕೊಸರು ಹಾಕಿಬಿಟ್ಟೆ. ನೀರನ್ನು ಮಾತ್ರ ಲೀಟರಿನ ಗೆರೆಗೇ ನಿಲ್ಲಿಸಿದೆ. ಕೊಸರಿಗೆ ನೀರು ಕೊಡುವುದು ಹಾಲು ಮಾರುವವರ ಪದ್ಧತಿ.

ಮುಂದಿನದು ತಮಗೆ ಗೊತ್ತು. ಬಟ್ಟಲಿನಲ್ಲಿದ್ದ ಗುಲಾಬಿ ಬಣ್ಣದ ಕ್ಷಾರಕ್ಕೆ ಬ್ಯೂರೆಟ್ಟಿನಿಂದ ಆಸಿಡ್ಡನ್ನು ಹನಿಹನಿಯಾಗಿ ಬಿಟ್ಟರೆ ಇಪ್ಪತ್ತೈದು ಸಿ.ಸಿ.ಗೆ ಬಣ್ಣ ಹೋಗಬೇಕೆಂದು ಮಾಸ್ತರರ ಲೆಕ್ಕ. ಹನ್ನೊಂದು ಗಂಡುಹುಡುಗರು ಇಪ್ಪತ್ತೈದು ಎಂದೇ ಬರೆದು ಹತ್ತಕ್ಕೆ ಹತ್ತು ಪಡೆದರು. ಮಾಸ್ತಮ್ಮನ ಮಗಳು ಸುಬ್ಬಿ ಮಾತ್ರ ಮೂರು ಸಲ ಮಾಡಿ, ಮೂರು ಸಲವೂ ಮಂಡಿಯೂರಿ ನೋಡಿ, ಇಪ್ಪತ್ತೆರಡು ಪಾಯಿಂಟ್ ಏಳು ಎಂದು ಬರೆದಳು. ಮಾಸ್ತರರು ಸಿಟ್ಟಾದಾಗ "ನಂಗೆ ಬಂದದ್ದು ಅಷ್ಟೇ ಸರ್, ಎಂತ ಮಾಡೂದು?" ಎಂದಳು. ಅದಕ್ಕೆ ಸೊನ್ನೆ ಬಿತ್ತು. ಫೇಲಾದರೆ ಓದು ಬಿಡಿಸಿ ಬುಟ್ಟಿ ಹೊರಿಸುವುದೆಂದು ಅವಳ ಅಪ್ಪ ಮೊದಲೇ ಹೇಳಿಟ್ಟಿದ್ದಾನೆ. ಅವಳಿಗೋ ಕುಮಟೆಯ ಕಾಲೇಜಿನ ಮೆಟ್ಟಿಲು ಹತ್ತುವ ಆಸೆ. ಅಂಕಪಟ್ಟಿ ಇವತ್ತು ಹನ್ನೊಂದರ ಬಸ್ಸಿನಲ್ಲಿ ಪರೀಕ್ಷಾ ಕಚೇರಿಗೆ ಹೋಗುತ್ತದೆ.

ನನ್ನ ಕೊಸರಿನಿಂದ ಆಸಿಡ್ ಖಾರವಾಗಿ, ಕಡಿಮೆಗೇ ಬಣ್ಣ ಹೋಯಿತು. ಹುಡುಗಿ ತಪ್ಪು ಮಾಡಲಿಲ್ಲ, ಮಾಡಿದವನು ನಾನು ಎಂಬುದನ್ನು ಕಣ್ಣಾರೆ ಕಂಡವರು ತಾವೊಬ್ಬರೇ. ಆದ್ದರಿಂದ ದಯವಿಟ್ಟು ಕಪಾಟಿನಿಂದ ಇಳಿದು, ಮೆಟ್ಟಿಲಲ್ಲಿ ಜಾಗ್ರತೆಯಾಗಿ ಕಾಲಿಟ್ಟು, ಹೆಡ್ ಮಾಸ್ತರರ ಕೋಣೆಗೆ ಹೋಗಿ ಸಾಕ್ಷಿ ಹೇಳಬೇಕು. ಅದು ಕಷ್ಟವಾದರೆ ಹತ್ತರ ಗೆರೆಯ ಮೇಲೆ ಕೊಸರಿನ ಗೆರೆಯೊಂದನ್ನು ತಾವೇ ಮೂಡಿಸಿಕೊಳ್ಳಬೇಕು. ಅದೂ ಆಗದಿದ್ದರೆ, ಬಾಯಿದ್ದೂ ಮಾತಾಡದವರ ಪರವಾಗಿ ನಾನೇ ಹೇಳುತ್ತೇನೆ: ಕೊಸರು ಹಾಕಿದ್ದು ನಾನು. ಉಳಿದ ಆಸಿಡ್ ಬಾಟಲಿಯಲ್ಲಿದೆ, ಬೇಕಾದವರು ಅಳೆದು ನೋಡಲಿ. ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟಿದ್ದೇನೆ. ತಮ್ಮನ್ನು ಕೊನೆಯ ಸಲ ತೊಳೆದು ಬೋರಲು ಹಾಕಿದ್ದೇನೆ.

ಬಗ್ಗಿಯೇ ಅಭ್ಯಾಸವಾದ ತಮ್ಮ ವಿಶ್ವಾಸಿ,
ಜಟ್ಟಿ ನಾಯ್ಕ
(ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು)

ತಾ.ಕ.: ರಮಾನಂದ ಮಾಸ್ತರರು ಈ ಪತ್ರ ಓದಿದರೆ ಅವರಿಗೊಂದು ಸಣ್ಣ ವಿನಂತಿ. ಆ ಆಸಿಡ್ಡಿನಲ್ಲಿ ಇಪ್ಪತ್ತೈದು ಬರುವುದು ಸಾಧ್ಯವೇ ಇರಲಿಲ್ಲ. ಹನ್ನೊಂದು ಹುಡುಗರು ಯಾವ ಉಪಕರಣದಿಂದ ಅದನ್ನು ಅಳೆದರೆಂದು ವಿಚಾರಿಸಿ, ಅಂಥದ್ದೊಂದನ್ನು ನಮ್ಮ ಕೋಣೆಗೂ ತರಿಸಬೇಕು. ತೊಳೆಯುವ ಕೆಲಸವಾದರೂ ತಪ್ಪುತ್ತದೆ.